ಅರ್ಧ ಗಡ್ಡ

ಬ್ಯಾಂಡ್ ಮಾಸ್ತರರ ಎಡಗೆನ್ನೆ ಮುಗಿದು ಕತ್ತಿ ಇನ್ನೇನು ಗದ್ದಕ್ಕೆ ಇಳಿಯಬೇಕು, ಅಷ್ಟರಲ್ಲಿ ಕ್ಷೌರಿಕನ ಹೊಟ್ಟೆಯೊಳಗೆ ಯಾರೋ ಬಾಗಿಲು ಬಡಿದಂತಾಯಿತು. ಬಡಿದದ್ದೇನು, ಒದ್ದಂತೆಯೇ ಆಯಿತು. ಅವನು ಕಾಲಿಗೆ ಕಾಲು ಹೆಣೆದುಕೊಂಡು ಉಸಿರು ಬಿಗಿಹಿಡಿದ. ಕತ್ತಿ ಹಿಡಿದ ಕೈ ಮಾತ್ರ ಅಲುಗಲಿಲ್ಲ. ಆ ಕೈಗೂ ಕೆಳಗಿನ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ಗದ್ದದ ಮೇಲೆ ನಿಂತಿತ್ತು.

"ಏನಯ್ಯಾ, ನಿಂತೇಬಿಟ್ಟೆ? ನನ್ನ ಅಂದ ನೋಡಿ ಮರುಳಾದ್ಯಾ?" ಮಾಸ್ತರರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನೀರು ತಣ್ಣಗಾಗಿದೆ ಮಾಸ್ತರ್ರೇ, ಬಿಸಿನೀರು ತರ್ತೀನಿ" ಎಂದವನೇ ಕತ್ತಿ ಇಟ್ಟು ಹಿಂಬಾಗಿಲಿಗೆ ಧಾವಿಸಿದ. ಪಕ್ಕದ ಕುರ್ಚಿಯಲ್ಲಿ ಯಾರದೋ ತಲೆಗೂದಲು ಕತ್ತರಿಸುತ್ತಿದ್ದ ಅವನ ತಮ್ಮ, ಕನ್ನಡಿಯಲ್ಲೇ ಅವನನ್ನು ನೋಡಿದ. ಹೇಳುವುದನ್ನೆಲ್ಲ ಬೆಳಿಗ್ಗೆ ಷಟರ್ ಎತ್ತುವಾಗಲೇ ಹೇಳಿಯಾಗಿತ್ತು: "ಅಣ್ಣಾ, ಬೇಜಾರು ಮಾಡ್ಕೋಬೇಡ. ಇವತ್ತೊಂದು ದಿನ ನೋಡೋಣ. ಅರ್ಧಕ್ಕರ್ಧ ಬಿಟ್ಟು ಎದ್ದು ಓಡಿದ್ರೆ ಯಾವ ಗಿರಾಕಿ ನಿಲ್ತಾನೆ ಹೇಳು? ಆಗಲ್ಲ ಅಂದ್ರೆ ನಾಳೆಯಿಂದ ಆ ಕುರ್ಚಿಗೆ ಬೇರೆ ಆಳು ಬರ್ತಾನೆ. ನೀನು ಗಲ್ಲಾದಲ್ಲಿ ಆರಾಮಾಗಿ ಕೂತ್ಕೋ."

ಆರಾಮಂತೆ! ಕರುಳಿನ ಕೊನೆಯಲ್ಲಿ ಹುಟ್ಟಿದ ಕ್ಯಾನ್ಸರನ್ನು ಕತ್ತರಿಸಿ ತೆಗೆದು, ವಿಕಿರಣದ ಕರೆಂಟು ಕೊಟ್ಟು, ಹೊಟ್ಟೆಗೆ ಕಟ್ಟಿದ್ದ ಮಲದ ಚೀಲ ಬಿಚ್ಚಿ ಕರುಳನ್ನು ಮತ್ತೆ ಜೋಡಿಸಿದ ಮೇಲೆ ಡಾಕ್ಟರು ನಗುನಗುತ್ತಾ ಹೇಳಿದ್ದರು: "ಮೊದಲು ಒಳಗೊಂದು ಗೋದಾಮಿತ್ತು, ಬಂದದ್ದನ್ನ ಕೂಡಿಡ್ತಿತ್ತು. ಈಗ ಗೋದಾಮಿಲ್ಲ, ಬರೀ ಬಾಗಿಲು. ಬಂದದ್ದು ಬಂದಹಾಗೇ ಹೊರಡುತ್ತೆ, ಅದೂ ಕಂತುಕಂತಾಗಿ. ನಿಧಾನಕ್ಕೆ ಒಂದು ಹದಕ್ಕೆ ಬರುತ್ತೆ, ಹೆದರಬೇಡಿ." ಹದಕ್ಕೆ ಬರುವ ತನಕ ಅಂಗಡಿ ಕಾಯಬೇಕಲ್ಲ! ಅದಕ್ಕೇ ನಿನ್ನೆ ಸಂಜೆಯಿಂದ ಅವನು ಒಂದು ತುತ್ತೂ ತಿಂದಿರಲಿಲ್ಲ. ಒಳಗೆ ಪ್ಯಾಡು, ಕೈಚೀಲದಲ್ಲಿ ಇನ್ನೊಂದು ಪ್ಯಾಂಟು. ಯುದ್ಧಕ್ಕೆ ಹೊರಟವನಿಗೂ ಇಷ್ಟು ತಯಾರಿ ಇರಲಿಕ್ಕಿಲ್ಲ.

ಹಿಂದಿನ ಕಕ್ಕಸಿಗೆ ಹೋಗಿ ಕೂತರೆ ಬಂದದ್ದು ಬೆಟ್ಟ ಅಗೆದು ಇಲಿ ಹಿಡಿದಷ್ಟು. ತೊಳೆದುಕೊಂಡು ಓಡಿಬಂದ.

"ಬಿಸಿನೀರೆಲ್ಲಿ?" ತಮ್ಮ ಕೇಳಿದ.

ಅಯ್ಯೋ ಶಿವನೇ! ಬರಿಗೈಲಿ ಬಂದಿದ್ದ. ಪುಣ್ಯಕ್ಕೆ ಮಾಸ್ತರರು ತುಸು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆರಿದ ನೊರೆಯ ಮೇಲೆ ಹೊಸ ನೊರೆ ಹಚ್ಚಿ ಗದ್ದದ ಮೇಲೆ ಎರಡು ಗೀರು ಎಳೆದನೋ ಇಲ್ಲವೋ, ಮತ್ತೆ ಅದೇ ಒದೆತ. "ಫೋನ್ ಬಂತು" ಎಂದು ಗೊಣಗಿಕೊಂಡು ಓಡಿದ. ಫೋನು ಕನ್ನಡಿಯ ಮುಂದೆಯೇ ಬಿದ್ದಿತ್ತು.

ಮರಳಿ ಬಂದಾಗ ಬೆಂಚಿನ ಮೇಲೆ ಕಾಯುತ್ತಿದ್ದ ದಪ್ಪ ಮೀಸೆಯವನು ಪಕ್ಕದವನಿಗೆ ಕೇಳುವಂತೆ, "ಏನ್ರೀ, ಇಲ್ಲಿ ಗಡ್ಡಾನೂ ಕಂತಿನ ಮೇಲೆ ಬೋಳಿಸ್ತಾರಾ?" ಎಂದು ಕಿಸಕ್ಕನೆ ನಕ್ಕ. ಕ್ಷೌರಿಕನ ಕಿವಿ ಬಿಸಿಯಾಯಿತು. ಆ ಸಿಟ್ಟಿಗೋ ಏನೋ ಹೊಟ್ಟೆ ಒಂದಿಷ್ಟು ಹೊತ್ತು ಸುಮ್ಮನಿತ್ತು. ಬಲಗೆನ್ನೆ, ಗಂಟಲು, ಕೊನೆಗೆ ಮಾಸ್ತರರು ಬೇರೆ ಯಾರಿಗೂ ಮುಟ್ಟಗೊಡದ ಆ ಮೀಸೆಯ ಅಂಚು, ಎಲ್ಲ ಮುಗಿಯಿತು. ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ.

ಮಾಸ್ತರರು ಎದ್ದು ಕೆನ್ನೆ ಸವರಿಕೊಂಡರು. "ಹಾಳು ನಿದ್ದೆ ನೋಡು! ನಿನ್ನ ಕೈ ತಾಗಿದ್ರೆ ಹಾಗೇ ಕಣಯ್ಯಾ, ಕೂತದ್ದೂ ಗೊತ್ತಾಗಲಿಲ್ಲ, ಎದ್ದದ್ದೂ ಗೊತ್ತಾಗಲಿಲ್ಲ" ಎಂದು ಹೆಗಲು ತಟ್ಟಿ ಮೆಟ್ಟಿಲಿಳಿದರು.

"ಸದ್ಯ, ಅವರಿಗೆ ಗೊತ್ತಾಗಲಿಲ್ಲ" ಎಂದು ಕ್ಷೌರಿಕ ತಮ್ಮನ ಕಿವಿಯಲ್ಲಿ ಪಿಸುಗುಟ್ಟಿದ.

"ಗೊತ್ತಾಗಲಿಲ್ವಾ?" ತಮ್ಮ ಬಟ್ಟೆಯ ಮೇಲಿನ ಕೂದಲು ಕೊಡವುತ್ತಾ ತಲೆ ಎತ್ತದೆ ಹೇಳಿದ. "ನೀನು ಎರಡನೇ ಸಲ ಓಡಿದಾಗ, ಉಳಿದದ್ದು ನಾನೇ ಮುಗಿಸೋಣ ಅಂತ ಕತ್ತಿ ಎತ್ತಿದೆ. ಕಣ್ಣೇ ಬಿಡದೆ ನನ್ನ ಮಣಿಕಟ್ಟು ಹಿಡ್ಕೊಂಡ್ರು. 'ನೊರೆ ಒಣಗಲಿ ಬಿಡೋ' ಅಂದ್ರು. ಆಮೇಲೆ ಮತ್ತೆ ಗೊರಕೆ."

ಕ್ಷೌರಿಕ ಕತ್ತಿ ಒರೆಸಲು ಬಟ್ಟೆ ಎತ್ತಿಕೊಂಡ. ಅಷ್ಟರಲ್ಲಿ ಒಳಗೆ ಮತ್ತೆ ಒದೆತ. ಈ ಸಲ ನೀರಿನ ನೆಪವೂ ಇಲ್ಲ, ಫೋನಿನ ನೆಪವೂ ಇಲ್ಲ. "ಹೊಟ್ಟೆ ಕಣೋ, ಬಂದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಓಡಿದ.

ಕಕ್ಕಸಿನ ಗೋಡೆ ತೆಳು. ಅಂಗಡಿಯ ಮಾತೆಲ್ಲ ಒಳಕ್ಕೆ ಬರುತ್ತಿತ್ತು.

"ಮುಂದಿನವರು ನೀವೇ ಅಲ್ವಾ? ಕೂತ್ಕೊಳ್ಳಿ, ಅಣ್ಣ ಬರ್ತಾನೆ." ತಮ್ಮನ ದನಿ.

"ಬೇಗ ಬರ್ತಾರಾ?" ದಪ್ಪ ಮೀಸೆಯವನ ದನಿ.

"ಇಲ್ಲ. ಹೊತ್ತಾಗುತ್ತೆ. ಮಧ್ಯದಲ್ಲಿ ಮತ್ತೆ ಎದ್ದು ಹೋದ್ರೂ ಹೋದ. ಅವಸರ ಇದ್ರೆ ನನ್ನ ಕಡೆ ಬನ್ನಿ."

ಕ್ಷೌರಿಕ ಹೊಟ್ಟೆಯನ್ನೂ ಮರೆತು ಗೋಡೆಗೆ ಕಿವಿ ಕೊಟ್ಟ. ಚಪ್ಪಲಿ ಎಳೆದ ಸದ್ದು ಕೇಳಿತು. ಅತ್ತ ಹೋಯಿತೋ ಇತ್ತ ಬಂತೋ ತಿಳಿಯಲಿಲ್ಲ. ಒಂದು ಗಳಿಗೆಯ ಮೇಲೆ ಕುರ್ಚಿಯೊಂದು ಕಿರ್ರೆಂದು ಭಾರ ಹೊತ್ತಿತು. ತಮ್ಮನ ಕುರ್ಚಿ ಹೊಸದು, ಅದು ಸದ್ದು ಮಾಡುವುದಿಲ್ಲ.