ಆಕರಕ್ಕಿಂತ ಮೊದಲು

ಬೇಕಾದ ಹೊತ್ತಿಗೆ ತನ್ನ ಬಾಯಿಂದ ಮಾತೇ ಹೊರಡುವುದಿಲ್ಲ. ಅವಳು ತನಗೆ ತಾನೇ ಒಪ್ಪಿಕೊಂಡಿದ್ದ ಕೊರತೆ ಅದು. ಅಣ್ಣ ಅವಳನ್ನು ಕರೆಯುವುದೇ ‘ಮೂಗಿ’ ಎಂದು. ಈಗಲೂ ಅವಳು ಅಕ್ಕನ ಮನೆಯ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದಳು. ಎದುರಿಗೆ ಅಣ್ಣ ಸಲಾಕೆಯಿಂದ ಭಾವನನ್ನು ಬಡಿಯುತ್ತಿದ್ದ.

“ನನ್ನ ತಂಗಿ ಕೈ ಮುರೀತೀಯೇನೋ?”

ಏಟು ಮೊಣಕಾಲಿಗೆ ಬಿತ್ತು. ಲಟಕ್ ಎಂದಿತು. ಭಾವ ಕುರ್ಚಿಯನ್ನೂ ಎಳೆದುಕೊಂಡು ನೆಲಕ್ಕುರುಳಿದ. ಒಡೆದ ತುಟಿಯಿಂದ ರಕ್ತ ಅಂಗಿಗಿಳಿಯಿತು.

“ನಾನು ಮುಟ್ಟಿಲ್ಲ... ಬೆಳಗಿನ ಪಾಳಿಗೆ ಹೋಗಿದ್ದೆ...”

“ಇಡೀ ಬೀದಿ ಸುಳ್ಳು ಹೇಳುತ್ತಾ?” ಅಮ್ಮ ಕಿರುಚಿದಳು. “ಎರಡು ಕಡೆ ಮುರಿದಿದಾನೆ ಅಂತ ಬೆಳಿಗ್ಗೆ ಫೋನಲ್ಲಿ ಕೇಳಿದಾಗಿಂದ ನನ್ನ ಜೀವದಲ್ಲಿ ಜೀವ ಇಲ್ಲ. ಬಿಡಬೇಡ ಮಗನೇ!”

ಅಣ್ಣನಿಗೆ ಒತ್ತಾಯ ಬೇಕಿರಲಿಲ್ಲ. ತನ್ನ ಮಾತು ಮೀರಿ ತಂಗಿ ಮಾಡಿಕೊಂಡ ಮದುವೆ ಅವನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿತ್ತು.

ಅಕ್ಕ ತಲೆಗೂ ಪೆಟ್ಟಾಗಿ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ಮಧ್ಯಾಹ್ನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದ್ದರು: “ನಾವೂ ಒಂದೇ ಕಡೆ ಅಂದ್ಕೊಂಡಿದ್ವಿ. ನೋಡಿ, ಎರಡು ಕಡೆ.” ಅಕ್ಕನನ್ನು ಏನೂ ಕೇಳುವಂತಿರಲಿಲ್ಲ. ಇನ್ನು ನಾಲ್ಕು ಏಟು ಬಿದ್ದರೆ ಭಾವನನ್ನೂ ಕೇಳುವಂತಿರುವುದಿಲ್ಲ.

ಇಡೀ ಬೀದಿ. ಆ ಮಾತು ಅವಳೊಳಗೆ ಮುಳ್ಳಿನಂತೆ ಕೂತಿತು.

ಯಾರು ಬೇಕಾದರೂ ಬರೆಯಬಹುದಾದ ದೊಡ್ಡದೊಂದು ಮಾಹಿತಿಕೋಶವಿದೆ. ಅಲ್ಲಿನ ಪ್ರತಿ ಸಂಗತಿಯ ಕೆಳಗೂ ಅದು ಎಲ್ಲಿಂದ ಬಂತೆಂದು ಆಕರ ಕೊಟ್ಟಿರುತ್ತಾರೆ. ಆ ಆಕರಗಳನ್ನು ಜಾಲಾಡುವುದು ಅವಳ ಕೆಲಸ. ಇಪ್ಪತ್ತು ಪತ್ರಿಕೆಗಳು ಒಂದನ್ನೇ ನಕಲು ಹೊಡೆದಿದ್ದರೆ ಆಕರ ಇಪ್ಪತ್ತಲ್ಲ, ಒಂದೇ. ಆಕರ ಹುಟ್ಟುವ ಮುಂಚೆಯೇ ಸಂಗತಿ ಕೋಶ ಸೇರಿದ್ದರಂತೂ ಮೇಲಧಿಕಾರಿ ಮೇಡಂಗೆ ಎಲ್ಲಿಲ್ಲದ ಖುಷಿ. “ಒಲೆ ಹಚ್ಚೋ ಮುಂಚೆನೇ ಅಡುಗೆಗೆ ಉಪ್ಪು ಜಾಸ್ತಿ ಅಂತಾನಲ್ಲ, ಅವನ ಕೈ ಹಿಡಿದು ನೋಡಮ್ಮಾ. ಉಪ್ಪು ಅಲ್ಲೇ ಇರುತ್ತೆ!”

ಅಭ್ಯಾಸಬಲ. ಮನಸ್ಸು ಒಂದೊಂದೇ ಎಳೆ ಬಿಡಿಸತೊಡಗಿತು. ಬೀದಿಗೆ ಹೇಳಿದ್ದು ಪಕ್ಕದ ಮನೆಯಾಕೆ. ಪಕ್ಕದ ಮನೆಯಾಕೆಗೆ ಹೇಳಿದ್ದು ಅಮ್ಮ. ಅಮ್ಮನಿಗೆ ಬಂದದ್ದು ಆ ಬೆಳಗಿನ ಫೋನು.

ಅದು ಬಂದಾಗ ಅಮ್ಮನಿಗೆ ಮೊಬೈಲ್ ಎತ್ತಿಕೊಟ್ಟವಳು ಅವಳೇ; ಪರದೆಯ ಮೇಲಿದ್ದ ಹೆಸರು ಈಗ ಕಣ್ಣಿಗೆ ಕಟ್ಟಿತು.

ಅಣ್ಣ ಏದುಸಿರು ಬಿಡುತ್ತ ತಿರುಗಿದ. “ಏಯ್ ಮೂಗಿ, ಏನು ಗೋಡೆಗೆ ಬಣ್ಣ ಬಳೀತಿದೀಯಾ? ಬಾ, ನಿನ್ನದೂ ಒಂದು ಏಟಿರ್ಲಿ.” ಸಲಾಕೆ ಚಾಚಿದ.

ಅವಳು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ಹಿಡಿ ಇನ್ನೂ ಬಿಸಿಯಿತ್ತು. ಭಾವ ಕಣ್ಣು ಮುಚ್ಚಿಕೊಂಡ.

ಅವಳು ಭಾವನ ಮುಂದೆ ಅಡ್ಡ ನಿಂತು ಅಣ್ಣನ ಕಡೆ ತಿರುಗಿದಳು. ದನಿ ನಡುಗಿತು, ಆದರೆ ಹೊರಬಂತು.

“ಎಕ್ಸ್‌ರೇ ಬಂದಿದ್ದು ಮಧ್ಯಾಹ್ನ. ಎರಡು ಕಡೆ ಮುರಿದಿದೆ ಅಂತ ನೀನು ಬೆಳಿಗ್ಗೆನೇ ಫೋನ್ ಮಾಡಿ ಹೇಳಿದೆ. ಅಕ್ಕನ್ನ ಹೊಡೆದಿದ್ದು ನೀನು, ಅಣ್ಣ.”