ಜಾರಿದ ಕುಣಿಕೆ

ಬಚ್ಚಲುಮನೆಯ ಚಿಲಕ ಹಾಕಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಸೊಸೆ ಅತ್ತೆ ಹೆಣೆದ ಕಾಲುಚೀಲವನ್ನು ಬಿಚ್ಚತೊಡಗಿದಳು. ಅತ್ತೆ ಮಧ್ಯಾಹ್ನದ ನಿದ್ದೆಯಿಂದ ಏಳಲು ಇನ್ನೂ ಒಂದು ಗಂಟೆಯಿತ್ತು.

ಹಿಮ್ಮಡಿ ಒಂದು ಕಡೆಗೆ ವಾಲಿತ್ತು. ಎಣಿಸಿದಳು. ಎಡಕ್ಕೆ ಆರು ಕುಣಿಕೆ, ಬಲಕ್ಕೆ ಎಂಟು. ಈ ಎರಡು ತಿಂಗಳಲ್ಲಿ ಇದು ಅತ್ತೆಯ ಒಂಬತ್ತನೆಯ ತಪ್ಪು, ಎಲ್ಲಕ್ಕಿಂತ ತಲೆನೋವಿನದು.

ಕಳ್ಳಿಯ ಹಾಗೆ ಕೂತಿದ್ದೇನೆ ಎನ್ನಿಸಿ ಅವಳ ಮುಖ ಬಿಸಿಯಾಯಿತು. ಹಾಗೆ ನೋಡಿದರೆ ಕಳ್ಳತನ ಶುರುವಾದದ್ದು ಮದುವೆಗೂ ಮೊದಲೇ.

ಮಾತುಕತೆ ಮುಗಿದ ದಿನ ಅತ್ತೆಯಾಗುವವರ ಕೈಗೆ ಅವಳೊಂದು ಬೂದು ಸ್ವೆಟರ್ ಇಟ್ಟು, "ನಾನೇ ಹೆಣೆದದ್ದು" ಎಂದಿದ್ದಳು. ಹೆಣೆದವರು ಅವಳ ಚಿಕ್ಕಮ್ಮ. ಹೆಣಿಗೆಗೆ ಹೆಸರಾದ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಬಾಯಿಗೆ ಬಂದ ಸುಳ್ಳು ಅದು. ಅತ್ತೆ ಸ್ವೆಟರನ್ನು ಒಳಮೈ ಹೊರಗೆ ಮಾಡಿ ಸವರಿ ನೋಡಿ, "ಹೆಣೆದ ಕೈ ಚೆನ್ನಾಗಿದೆ" ಎಂದಿದ್ದರು.

ಮನೆಗೆ ಬಂದ ಮೊದಲ ವಾರವೇ ಎಡವಟ್ಟಾಯಿತು. ಕೋಣೆ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ, ಕುರ್ಚಿಯ ಮೇಲಿದ್ದ ಅರ್ಧ ಹೆಣೆದ ತೋಳಿನಿಂದ ಎರಡೂ ಕಡ್ಡಿಗಳನ್ನು ಎಳೆದು, ಒರೆಸಿ, ಪೆನ್ನಿನ ಡಬ್ಬಿಯಲ್ಲಿ ನಿಲ್ಲಿಸಿದಳು. ಕಡ್ಡಿ ತೆಗೆದರೆ ಕುಣಿಕೆಗಳು ಬಿಚ್ಚಿಹೋಗುತ್ತವೆ ಎಂಬುದು ಹೆಣೆಯುವವರ ಮನೆಯ ಕೂಸಿಗೂ ಗೊತ್ತು. ಅತ್ತೆ ಬಂದು ನೋಡಿ, "ಎದುರುಮನೆ ಬೆಕ್ಕಿನ ಕಾಟ" ಎಂದು ಗೊಣಗಿ, ಕಡ್ಡಿ ಹುಡುಕಿಕೊಂಡು ಕುಣಿಕೆಗಳನ್ನು ಮತ್ತೆ ಏರಿಸತೊಡಗಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ಸೊಸೆ ಸುಮ್ಮನಾದಳು. ಆಮೇಲೆ ಯಾರು ಹೆಣೆಯಲು ಹೇಳಿದರೂ ಮಣಿಕಟ್ಟಿನ ನೋವಿನ ನೆಪ ಹೇಳುತ್ತಿದ್ದಳು.

ನೆಪ ಒಂದು ವರ್ಷ ನಡೆಯಿತು. ಅಷ್ಟರಲ್ಲಿ ಅತ್ತೆಯ ಕಣ್ಣು ಮಂಜಾದಂತೆ ಕಂಡಿತು. ಹೆಣಿಗೆಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಕಿಟಕಿಯಲ್ಲಿ ಕೂತು, "ಆ ಬೆಕ್ಕಿನ ಎಡಗಿವಿ ಹರಿದಿದೆ ನೋಡು" ಎಂದು ರಸ್ತೆಯಾಚೆಗೆ ತೋರಿಸುವಾಗ ಮಾತ್ರ ಎಲ್ಲ ಸರಿಯಿರುತ್ತಿತ್ತು. ಚಾಳೀಸು, ಹತ್ತಿರದ್ದು ಕಾಣುವುದಿಲ್ಲ ಎಂದು ಸೊಸೆ ಲೆಕ್ಕ ಹಾಕಿದಳು.

ಒಂದು ದಿನ, ಅತ್ತೆಯಿಂದ ಹೆಣಿಗೆ ಮಾಡಿಸಿ ಮಾರುವ ಉಣ್ಣೆ ಅಂಗಡಿಯಾಕೆ ಬಂದವಳು, "ಕಣ್ಣಿಗೆ ಆಗದಿದ್ರೆ ಹೇಳಿಬಿಡಿ, ಮುಂದಿನ ಕೆಲಸ ಸೊಸೆಗೇ ಕೊಡೋಣ" ಎಂದು ನಕ್ಕಳು. ಸೊಸೆಗೆ ಅಪಾಯ ಹೊಳೆಯಿತು. ಅತ್ತೆಯ ತಪ್ಪು ಅಂಗಡಿಗೆ ಹೋದರೆ ಕಡ್ಡಿ ತನ್ನ ಕೈಗೆ ಬರುತ್ತದೆ, ಸುಳ್ಳು ಬೀದಿಗೆ ಬೀಳುತ್ತದೆ. ಮರುದಿನವೇ ಅತ್ತೆ ಹೆಣೆಯುತ್ತಿದ್ದ ಸ್ವೆಟರಿನ ಬೆನ್ನಿನಲ್ಲಿ ಕುಣಿಕೆಯೊಂದು ಜಾರಿ ಏಣಿಯಂತೆ ಇಳಿದಿದ್ದು ಕಂಡಿತು. ಅವಳು ಅದನ್ನೆತ್ತಿಕೊಂಡು ಬಚ್ಚಲುಮನೆ ಹೊಕ್ಕಳು.

ಪುಣ್ಯಕ್ಕೆ ಅತ್ತೆಗೆ ಹೆಣೆಯುವಾಗ ತಮ್ಮಷ್ಟಕ್ಕೆ ಮಾತಾಡುವ ಚಾಳಿ ಹತ್ತಿತ್ತು. "ಕುಣಿಕೆ ಜಾರಿತು ಅಂತ ಪೂರ್ತಿ ಬಿಚ್ಚೋರು ಹೆಡ್ಡರು. ಕೊಕ್ಕೆ ಕಡ್ಡಿ ಹಾಕಿ ಒಂದೊಂದೇ ಮೆಟ್ಟಿಲು ಹತ್ತಿಸಬೇಕು" ಎಂದು ಹಿಂದಿನ ದಿನವಷ್ಟೇ ಗೊಣಗಿದ್ದರು. ಜಡೆಯ ವಿನ್ಯಾಸ ಉಲ್ಟಾ ತಿರುಗಿದ ವಾರ, "ಜಡೆ ಕೆಟ್ಟರೆ ಜಡೆಯಷ್ಟನ್ನೇ ಬಿಚ್ಚು, ಪಕ್ಕದವರ ತಂಟೆಗೆ ಹೋಗಬೇಡ." ಒಂದು ತೋಳು ಬಿಗಿಯಾದಾಗ, "ದಾರ ಕಿರುಬೆರಳಿಗೆ ಒಂದೇ ಸುತ್ತು ಸಾಕು." ನಿನ್ನೆಯಂತೂ ಕಾಲುಚೀಲದ ಪುರಾಣವೇ ಆಗಿತ್ತು. "ಬರೀ ಉಣ್ಣೆ ಹಾಕಿದ್ರೆ ಎರಡೇ ತಿಂಗಳಿಗೆ ಹಿಮ್ಮಡಿ ತೂತು, ಸ್ವಲ್ಪ ನೈಲಾನ್ ಬೆರೆತಿರಬೇಕು. ಹಿಮ್ಮಡಿ ಹತ್ರ ಹೆಣಿಗೆ ತಿರುಗಿಸುವಾಗ ಎರಡೂ ಕಡೆ ಎಣಿಕೆ ಸಮ ಇರಬೇಕು. ಕಣ್ಣು ನಂಬಬೇಡ, ಬೆರಳು ನಂಬು."

ಅವಳು ಬೆರಳನ್ನೇ ನಂಬಿದಳು. ಮುಕ್ಕಾಲು ಗಂಟೆಯಲ್ಲಿ ಹಿಮ್ಮಡಿ ನೆಟ್ಟಗೆ ಕೂತಿತು. ಕೈಗೆ ಖುಷಿಯಾಯಿತು. ಖುಷಿಯಾದದ್ದಕ್ಕೂ ನಾಚಿಕೆಯಾಯಿತು.

ಸಂಜೆ ಬಂದ ಅಂಗಡಿಯಾಕೆ ಕಾಲುಚೀಲವನ್ನು ಮುಷ್ಟಿಗೆ ಏರಿಸಿ ತಿರುಗಿಸಿ ನೋಡಿದಳು. "ಇಂಥ ಹಿಮ್ಮಡಿ ನಾನು ನೋಡಿಲ್ಲ. ಭಾನುವಾರದಿಂದ ಅಂಗಡೀಲಿ ಹೆಣಿಗೆ ಪಾಠ ಇಡ್ತಿದೀನಿ. ಹಿಮ್ಮಡಿ ತಿರುಗಿಸಿ ತೋರಿಸೋಕೆ ನೀವು ಬರಬೇಕು."

"ನಾನ್ಯಾಕೆ? ಸೊಸೆ ಬರ್ತಾಳೆ" ಎಂದರು ಅತ್ತೆ. "ಹತ್ತು ಜನರ ಮುಂದೆ ಕೂತು ತೋರಿಸ್ತಾಳೆ."

ಆಕೆ ಹೋದ ಮೇಲೂ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಗುಂಡಿ ಹೊಲಿಯಲು ಸೂಜಿಡಬ್ಬಿ ತೆರೆದು ಕೂತರು.

"ಅತ್ತೆ, ನಂಗೆ ಹೆಣಿಗೆ ಬರಲ್ಲ." ತಲೆ ಎತ್ತಲಾಗಲಿಲ್ಲ. "ಆ ಸ್ವೆಟರ್ ನಮ್ಮ ಚಿಕ್ಕಮ್ಮಂದು. ಅವತ್ತು ಕಡ್ಡಿ ಎಳೆದದ್ದು ಬೆಕ್ಕಲ್ಲ, ನಾನು. ಎರಡು ತಿಂಗಳಿಂದ ನಿಮ್ಮ ತಪ್ಪುಗಳನ್ನ ಕದ್ದು ತಿದ್ದುತಾ ಇದೀನಿ. ನಿಮ್ಮ ಮರ್ಯಾದೆ ಉಳಿಸೋಕಲ್ಲ. ನನ್ನ ಸುಳ್ಳು ಹೊರಬೀಳುತ್ತೆ ಅಂತ."

ಅತ್ತೆ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ಆರಿಸಿದರು. ಕನ್ನಡಕವಿಲ್ಲದೆ, ಒಂದೇ ಸಲಕ್ಕೆ, ದಾರ ಪೋಣಿಸಿದರು.

"ಬೆಕ್ಕು ಕಡ್ಡಿ ಒರೆಸಿ ಪೆನ್ನಿನ ಡಬ್ಬೀಲಿ ಇಡಲ್ಲಮ್ಮ" ಎಂದರು. "ಆ ಹಿಮ್ಮಡಿ ಕೆಡಿಸೋಕೆ ನಂಗೆ ಎರಡು ದಿನ ಹಿಡೀತು. ನೀನು ಒಂದೇ ಮಧ್ಯಾಹ್ನದಲ್ಲಿ ಸರಿ ಮಾಡ್ಬಿಟ್ಟೆ. ಹೆಣಿಗೆ ಬರಲ್ಲ ಅಂತ ಇನ್ಯಾರಿಗಾದ್ರೂ ಹೇಳು."