ಔಷಧಕ್ಕಿಟ್ಟ ಹೆಸರು

"ಇದಕ್ಕೆ ಈ ಹೆಸರು ಹೇಗೆ ಬಂತು ಅಂತ ಕೇಳು," ಎನ್ನುತ್ತಾ ಅವನು ಔಷಧದ ಡಬ್ಬಿಯನ್ನು ಹೆಂಡತಿಯ ಮುಂದಿಟ್ಟ. ಅವಳು ಕೇಳಲಿಲ್ಲ, ಓದಿಕೊಂಡಳು. ಓದಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಕುಳಿತುಬಿಟ್ಟಳು.

"ಮುಂದಿರೋದು ನಮ್ಮ ಮಗಳ ಹೆಸರು. ಹಿಂದಿನ ಬಾಲ ಮಾತ್ರ ಆ ಜಾತಿಯ ಔಷಧಕ್ಕೆಲ್ಲ ಇರೋದೇ, ನಮ್ಮ ಮನೆಯವರ ಮೂಗಿನ ಹಾಗೆ," ಎಂದು ಅವನೇ ನಕ್ಕ. ಔಷಧ ಕಂಡುಹಿಡಿದ ತಂಡದಲ್ಲಿ ಅವನೂ ಒಬ್ಬ. ಹೆಸರಿಡುವ ಸಮಿತಿಯವರನ್ನು ಕಾಡಿ ಬೇಡಿ ಒಪ್ಪಿಸಿದ್ದ. ಮಗಳ ಕಾಯಿಲೆಯ ಮುಂದೆ ಬೇರೆ ಔಷಧಗಳೆಲ್ಲ ಸೋತಿದ್ದವು. ನಾಳೆ ಆಸ್ಪತ್ರೆಯಲ್ಲಿ ಅವಳಿಗೆ ಇದರ ಮೊದಲ ಡೋಸು.

"ರಸ್ತೆಗೆ, ಶಾಲೆಗೆ, ಪಾರ್ಕಿನ ಬೆಂಚಿಗೆ ಯಾರ ಹೆಸರಿಡ್ತಾರೆ ಹೇಳಿ," ಎಂದಳು ಹೆಂಡತಿ. "ಇರೋರದ್ದಾ?"

"ಬಿಡ್ತು ಅನ್ನು."

"ಬಿಡ್ತು. ನೀವು ಯಾಕೆ ಇಟ್ರಿ?"

ಪ್ರೀತಿಯಿಂದ ಇಟ್ಟೆ ಎಂದು ಅವನು ಅಂದುಕೊಂಡಿದ್ದ. ಮಗಳು ಉಳಿಯುತ್ತಾಳೆಂಬ ಗಟ್ಟಿ ನಂಬಿಕೆ ಇದ್ದಿದ್ದರೆ ಇಡುತ್ತಲೇ ಇರಲಿಲ್ಲವೇನೋ ಎಂದು ಈಗ ಅನ್ನಿಸಿತು.

ಅಷ್ಟರಲ್ಲಿ ಮಗಳು ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಳು. ಈಚೆಗಷ್ಟೇ ಓದಿನ ರುಚಿ ಹತ್ತಿದವಳು, ಸೋಪಿನ ಕಾಗದವನ್ನೂ ಬಿಡುತ್ತಿರಲಿಲ್ಲ. ಡಬ್ಬಿ ಕಣ್ಣಿಗೆ ಬೀಳದೆ ಇರುತ್ತದೆಯೇ.

"ಅಪ್ಪಾ, ಇದ್ರಲ್ಲಿ ನನ್ನ ಹೆಸರಿದೆ. ಯಾಕೆ?"

ಗಂಡ ಹೆಂಡಿರು ಮುಖ ಮುಖ ನೋಡಿಕೊಂಡರು. ಅವನು ಬಾಯಿಗೆ ಬಂದದ್ದನ್ನು ಹೇಳಿದ: "ಅದು ನೀನಲ್ಲ ಪುಟ್ಟಿ. ನಿನ್ನ ಹೆಸರಿನದೇ ಒಂದು ಗಿಡ ಇದೆ. ಅದ್ರಿಂದ ಮಾಡಿದ್ದು."

"ಎಲೆಯಿಂದಾನಾ?"

"ಬೇರಿಂದ."

"ಹಳದಿ ಹೂ ಬಿಡುತ್ತೆ," ಎಂದು ತಾಯಿಯೂ ಸುಳ್ಳಿಗೆ ಕೈಜೋಡಿಸಿದಳು. "ನೋಡೋಕೆ ತುಂಬಾ ಚೆಂದ."

ಮಗಳ ಮುಖ ಅರಳಿತು. ಸದ್ಯ, ನಂಬಿದಳು ಎಂದು ಇಬ್ಬರೂ ಉಸಿರು ಬಿಟ್ಟರು. ಅವಳು ಡಬ್ಬಿಯನ್ನು ಆಚೆ ಈಚೆ ತಿರುಗಿಸಿ ಗಿಡದ ಚಿತ್ರ ಹುಡುಕಿದಳು. ಹುಡುಕುತ್ತಾ ಹುಡುಕುತ್ತಾ ಏನೋ ಹೊಳೆದಂತಾಗಿ, ಅದನ್ನು ಮೆಲ್ಲಗೆ ಮೇಜಿನ ಆ ತುದಿಗೆ ತಳ್ಳಿದಳು.

"ಬೇರು ಕಿತ್ರೆ ಗಿಡ ಸತ್ತೋಗುತ್ತಲ್ವಾ, ಅಪ್ಪಾ?"